ಕಬ್ಬಿಣದಕ್ಕ ಅಳಿಸಿದ ಅಂಕಿಗಳು

ಬೆಳಕು ಹರಿಯುವ ಮೊದಲೇ ಬೇಕರಿಯವನು ಒಲೆ ಹೊತ್ತಿಸಿರುತ್ತಾನೆ. ಅವನ ಅಂಗಡಿಯ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮೇಲೆ ಜಿಮ್. ತೂಕ ಇಳಿಸಲು ಬರುವ ಹೆಂಗಸರೆಲ್ಲ ಬಿಸಿ ಬ್ರೆಡ್ಡಿನ ಘಮ ದಾಟಿಕೊಂಡೇ ಬರಬೇಕು. "ಮೊದಲನೇ ವ್ಯಾಯಾಮ ಅಲ್ಲೇ ಮುಗಿಯುತ್ತೆ. ಮೂಗು ಮುಚ್ಕೊಂಡು ಮೆಟ್ಲು ಹತ್ತೋದು," ಎನ್ನುತ್ತಾ ಕಬ್ಬಿಣದಕ್ಕ ಬಾಗಿಲ ಬೀಗ ತೆಗೆಯುತ್ತಾರೆ. ಟ್ಯೂಬ್‌ಲೈಟುಗಳಲ್ಲಿ ಒಂದು ಮಾತ್ರ ಕಣ್ಣು ಮಿಟುಕಿಸುತ್ತಾ ಹೊತ್ತಿಕೊಳ್ಳಲು ಸತಾಯಿಸುತ್ತದೆ. ಅವರು ಅದರ ಕಡೆ ನೋಡುವುದೂ ಇಲ್ಲ. ರಬ್ಬರ್ ಹಾಸು ಬಿಡಿಸಿ, ಹಿಂದಿನ ಸಂಜೆ ಗಂಡಸರು ಎಲ್ಲೆಂದರಲ್ಲಿ ಬಿಟ್ಟುಹೋದ ಡಂಬೆಲ್‌ಗಳನ್ನು ಗೊಣಗಿಕೊಂಡೇ ಸಾಲಾಗಿ ಜೋಡಿಸುತ್ತಾರೆ.

ಕಬ್ಬಿಣದಕ್ಕ ಎಂಬುದು ತಂಡದವರಿಟ್ಟ ಹೆಸರು. ವಯಸ್ಸು ನಲವತ್ತೆಂಟು. ಮೈಮೇಲೆ ಗಂಡನ ಹಳೆಯ ಅಂಗಿ, ತೋಳು ಮೊಣಕೈವರೆಗೆ ಮಡಚಿದ್ದು. ಹೆಂಗಸರ ಬೆಳಗಿನ ತಂಡಕ್ಕೆ ಭಾರ ಎತ್ತುವುದನ್ನು ಕಲಿಸುವುದು ಅವರ ಕೆಲಸ. ಸಂಜೆ ಬರುವ ತರಬೇತುದಾರರ ಫೋಟೋಗಳು ಕೆಳಗಿನ ಬೋರ್ಡಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತಿವೆ. ಕಬ್ಬಿಣದಕ್ಕನ ಫೋಟೋ ಎಲ್ಲೂ ಇಲ್ಲ.

ಬರುವವರು ತರಹೇವಾರಿ. ಶಾಲೆಯ ವ್ಯಾನ್ ಓಡಿಸುವಾಕೆ, ರಾತ್ರಿ ಪಾಳಿ ಮುಗಿಸಿ ನೇರ ಬರುವ ನರ್ಸ್, ಒಬ್ಬಳು ತೆಳ್ಳಗಾಗಿ ಇನ್ನೊಬ್ಬಳು ಹಾಗೇ ಉಳಿದುಬಿಟ್ಟರೆ ಎಂಬ ಭಯಕ್ಕೆ ಜೊತೆಯಾಗಿಯೇ ಸೇರಿದ ವಾರಗಿತ್ತಿಯರಿಬ್ಬರು. ಹೊಸಬರು ಬಂದ ದಿನ ಕೇಳುವ ಪ್ರಶ್ನೆ ಮಾತ್ರ ಒಂದೇ. "ಅಕ್ಕಾ, ತೋಳು ಗಂಡಸರ ತರ ಆಗಿಬಿಡುತ್ತಾ?"

ಕಬ್ಬಿಣದಕ್ಕ ತಮ್ಮ ತೋಳನ್ನೇ ಮುಂದೆ ಚಾಚುತ್ತಾರೆ. "ಹನ್ನೊಂದು ವರ್ಷ ಎತ್ತಿ ಬಂದಿದ್ದು ಇಷ್ಟು. ಮುಟ್ಟಿ ನೋಡಿ, ದುಡ್ಡು ಕೇಳಲ್ಲ. ಸಂಜೆ ಬರೋ ಹುಡುಗರು ಮೂರು ಹೊತ್ತೂ ಮೊಟ್ಟೆ ಮುಕ್ಕಿ, ಕನ್ನಡಿ ಮುಂದೆ ನಿಂತು, ಇನ್ನೂ ದಪ್ಪ ಆಗ್ಲಿಲ್ಲ ಅಂತ ಅಳ್ತಾರೆ. ನಿಮಗೆ ಮೂರೇ ದಿನಕ್ಕೆ ಬಂದುಬಿಡುತ್ತಾ?"

ಮಾತು ಒರಟು, ಮನಸ್ಸು ಹಾಗಲ್ಲ. ಈ ಹೆದರಿಕೆಗಳನ್ನೆಲ್ಲ ಒಂದು ಕಾಲಕ್ಕೆ ಅವರೂ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದವರೇ.

ಜಿಮ್ಮಿಗೆ ಬರುವ ಮೊದಲು ಅವರು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಒದ್ದೆ ಹಾಸಿಗೆ ಬಟ್ಟೆಯ ಬುಟ್ಟಿಗಳನ್ನು ಯಂತ್ರದಿಂದ ಒಣಹಾಕುವ ಕೋಣೆಗೆ ಸಾಗಿಸುವ ಕೆಲಸ. ಎರಡನೇ ಮಗುವಿನ ನಂತರ ಮೈ ಬಂತು. ಸುತ್ತಮುತ್ತಲಿನವರು ಕೊಂಕು ಶುರುಮಾಡಿದರು. ಹಟಕ್ಕೆ ಬಿದ್ದು ಊಟ ಬಿಟ್ಟರು, ಸೌತೆಕಾಯಿ ಮತ್ತು ನೀರಿನಲ್ಲೇ ದಿನ ನೂಕಿದರು. ತೂಕವೇನೋ ಸರಸರ ಇಳಿಯಿತು. ಎಲ್ಲರೂ ಹೊಗಳಿದರು. ಒಂದು ಬೆಳಿಗ್ಗೆ ಎಂದಿನ ಬುಟ್ಟಿಯನ್ನು ಎತ್ತಲು ಹೋದವರು ಬುಟ್ಟಿಯ ಮೇಲೆಯೇ ಕುಸಿದರು. "ಕೊಬ್ಬಿನ ಜೊತೆ ಶಕ್ತಿನೂ ಹೋಗಿತ್ತು. ಕನ್ನಡಿಗೆ ಅದು ಕಾಣಿಸ್ಲಿಲ್ಲ, ಬುಟ್ಟಿಗೆ ಕಾಣಿಸ್ತು," ಎಂದು ಈಗ ನಗುತ್ತಾರೆ. ಅವತ್ತು ನಗು ಬಂದಿರಲಿಲ್ಲ.

ಸುಧಾರಿಸಿಕೊಂಡ ಮೇಲೆ ಆ ಕೆಲಸ ಬಿಟ್ಟು ಇದೇ ಜಿಮ್ಮಿನಲ್ಲಿ ಕಸ ಗುಡಿಸಲು ಸೇರಿದರು. ಖಾಲಿ ಹೊತ್ತಿನಲ್ಲಿ ಕದ್ದುಮುಚ್ಚಿ ಎತ್ತತೊಡಗಿದರು. ಆಗಿದ್ದ ತರಬೇತುದಾರ ನೋಡಿ ಬೈಯುವ ಬದಲು ಬೆನ್ನು ನೇರ ಇಟ್ಟುಕೊಳ್ಳುವುದನ್ನು ಹೇಳಿಕೊಟ್ಟರು, ಆಮೇಲೆ ತರಬೇತಿಗೂ ಕಳಿಸಿದರು. ಹೆಂಗಸರ ತಂಡಕ್ಕೆ ಒಬ್ಬ ಹೆಂಗಸು ಬೇಕಾದಾಗ ಪೊರಕೆ ಮೂಲೆ ಸೇರಿತು.

ತಂಡವೇನೋ ಕೈಗೆ ಬಂತು, ತಂಡದವರ ಕೈಗೆ ಮಾತ್ರ ಭಾರ ಹೋಗಲಿಲ್ಲ. ಯಾರನ್ನು ಕೇಳಿದರೂ ಗುಲಾಬಿ ಬಣ್ಣದ ಎರಡು ಕೆಜಿಯದ್ದೇ ಬೇಕು. ಐದು ಎಂದು ಬರೆದದ್ದನ್ನು ಕಂಡರೆ ಹಾವು ಕಂಡಂತೆ ಹಿಂದೆ ಸರಿಯುವುದು. ಅದೇ ನರ್ಸ್ ಹಿಂದಿನ ರಾತ್ರಿ ಅರವತ್ತು ಕೆಜಿಯ ರೋಗಿಯನ್ನು ಹೊರಳಿಸಿ ಬಂದಿರುತ್ತಾರೆ! "ಕೈ ಹೆದರ್ತಿಲ್ಲ, ಕಣ್ಣು ಹೆದರ್ತಿದೆ" ಎಂದು ಕಬ್ಬಿಣದಕ್ಕನಿಗೆ ಅನ್ನಿಸಿತು. ಅವರ ಯಜಮಾನರು ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವರು. ಜಿಮ್ ಮಾಲೀಕರ ಒಪ್ಪಿಗೆ ಪಡೆದು, ಬೆಳಗಿನ ತಂಡದ ಡಂಬೆಲ್‌ಗಳ ಅಂಕಿಗಳನ್ನೆಲ್ಲ ಉಜ್ಜಿ ಅಳಿಸಿ, ಎಲ್ಲಕ್ಕೂ ಒಂದೇ ನೀಲಿ ಬಣ್ಣ ಹೊಡೆಸಿಬಿಟ್ಟರು.

ಗಾತ್ರ ನೋಡಿಯಾದರೂ ತಿಳಿಯುವುದಿಲ್ಲವೇ ಎಂದರೆ, ಇಲ್ಲ. ಪ್ಲಾಸ್ಟಿಕ್ಕಿನೊಳಗೆ ಸಿಮೆಂಟು ತುಂಬಿದವು ನೋಡಲು ದಪ್ಪ, ತೂಕ ಕಡಿಮೆ. ಅಚ್ಚು ಕಬ್ಬಿಣದವು ಪುಟ್ಟವು, ತೂಕ ಹೆಚ್ಚು. ಹೆಂಗಸರು ದಪ್ಪನೆಯವನ್ನು ಬಿಟ್ಟು ಪುಟ್ಟವನ್ನೇ ಆರಿಸಿಕೊಂಡರು. ಮೊದಲೆರಡು ದಿನ ತಿಣುಕಿದರು, ಆಮೇಲೆ ಒಗ್ಗಿಹೋಯಿತು. ಉಪಾಯ ಫಲಿಸಿತೆಂದು ಕಬ್ಬಿಣದಕ್ಕ ಬೀಗಿದರು. ಮಾಲೀಕರೂ ಬೆನ್ನು ತಟ್ಟಿದರು.

ಆಗಲೇ ತಂಡಕ್ಕೆ ಸೇರಿದ್ದು ಅವರ ಸ್ವಂತ ನಾದಿನಿ, ಯಜಮಾನರ ತಂಗಿ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೆಲಸ, ದಿನವಿಡೀ ಕೂತೇ ಇರಬೇಕು. ಮಂಡಿ ಹಿಡಿದುಕೊಂಡಿತ್ತು. ತೂಕ ಇಳಿಯಬೇಕು, ಕಾಲಿಗೂ ಬಲ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಅವರ ಮನೆ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಹೀಗೇ ಆದರೆ ಮನೆ ಬದಲಿಸಬೇಕು, ಇಲ್ಲವೇ ಕೆಲಸ ಬಿಡಬೇಕು ಎಂಬಲ್ಲಿಗೆ ಬಂದು ನಿಂತಿತ್ತು. ಆದರೂ ಷರತ್ತು ಹಾಕಿಯೇ ಬಂದರು. "ಅತ್ತಿಗೆ, ನಾನು ಬರೀ ನಡಿಯೋ ಮಷೀನು. ಭಾರ ಎತ್ತಿದ್ರೆ ಇರೋ ಕೊಬ್ಬೇ ಗಟ್ಟಿಯಾಗಿ ಕೂತುಬಿಡುತ್ತಂತೆ."

"ಗಟ್ಟಿಯಾಗೋಕೆ ಅದೇನು ಸಿಮೆಂಟೇನೇ?"

ಕೊನೆಗೆ ಐದು ಕೆಜಿಗೆ ಒಪ್ಪಂದವಾಯಿತು. ಅದಕ್ಕಿಂತ ಒಂದು ಗುಂಜಿಯೂ ಮೇಲಲ್ಲ ಎಂದು ನಾದಿನಿ ಪಟ್ಟು ಹಿಡಿದರು. ಐದರಲ್ಲೇ ಶುರುವಾಯಿತು, ತೋಳಿಗೂ, ಅದನ್ನೇ ಹಿಡಿದು ಎದ್ದು ಕೂತು ಕಾಲಿಗೂ. ತೋಳು ಪಳಗಿದಂತೆ ಕಬ್ಬಿಣದಕ್ಕ ಸದ್ದಿಲ್ಲದೆ ಬೇರೆ ಜೋಡಿ ಕೈಗಿತ್ತರು. "ಐದಕ್ಕಿಂತ ಹೆಚ್ಚಿಲ್ಲ ತಾನೆ?" ಎಂದು ನಾದಿನಿ ಕೇಳಿದರೆ, "ಮೊದಲಿಂದಕ್ಕಿಂತ ಚಿಕ್ಕದೇ ಇದೆಯಲ್ಲ ನೋಡು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ. ಮಂಡಿ ನೋವು ಹಗುರಾಗುತ್ತಿತ್ತು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಆದರೆ ಅಂಕಿಯಿಲ್ಲದ ಭಾರವನ್ನು ಯಾರ ಕೈಗೆ ಕೊಟ್ಟರೂ ನಡೆದೀತು, ದಿನವಿಡೀ ಪಾರ್ಸೆಲ್ ತೂಗುವವರ ಕೈಗೆ ಕೊಡಬಾರದಿತ್ತು. ಕಬ್ಬಿಣದಕ್ಕನಿಗೆ ಇದು ಹೊಳೆಯಲೇ ಇಲ್ಲ. ಜಿಮ್ಮಿನ ಗೋಡೆಗೆ ಸುಣ್ಣ ಬಳಿಯಲೆಂದು ನಾಲ್ಕು ದಿನ ಬಾಗಿಲು ಮುಚ್ಚಿದಾಗ, ಅಭ್ಯಾಸ ತಪ್ಪದಿರಲೆಂದು ಎಲ್ಲರೂ ತಮ್ಮ ಡಂಬೆಲ್ ಮನೆಗೆ ಒಯ್ದರು. ನಾದಿನಿಗೆ ಕಂಡದ್ದನ್ನೆಲ್ಲ ತೂಗುವ ಚಾಳಿ. ಮನೆಯ ಬೆಕ್ಕನ್ನೂ ಬಿಟ್ಟವರಲ್ಲ. ವಾಪಸು ತರುವ ಹಿಂದಿನ ದಿನ ಡಂಬೆಲ್ಲನ್ನು ಬ್ಯಾಗಿನಲ್ಲಿ ಕಚೇರಿಗೊಯ್ದು ಕೌಂಟರಿನ ತಕ್ಕಡಿಯ ಮೇಲಿಟ್ಟರು. ಎಂಟು ಕೆಜಿ. ತಕ್ಕಡಿ ಕೆಟ್ಟಿದೆಯೆಂದುಕೊಂಡು ಸರಕಾರಿ ತೂಕದ ಕಲ್ಲಿಟ್ಟು ನೋಡಿದರು. ತಕ್ಕಡಿ ಸರಿಯಾಗಿಯೇ ಇತ್ತು. ಹೇಗೂ ಆಯಿತೆಂದು ಪಕ್ಕದ ದೊಡ್ಡ ತಕ್ಕಡಿಯ ಮೇಲೆ ತಾವೂ ನಿಂತರು. ಅದು ಜಿಮ್ಮಿಗೆ ಸೇರಿದ ದಿನಕ್ಕಿಂತ ಒಂದು ಕೆಜಿ ಹೆಚ್ಚು ತೋರಿಸಿತು.

ಮರುದಿನ ತರಗತಿಯ ನಡುವೆ ಆ ಡಂಬೆಲ್ಲನ್ನು ನೆಲಕ್ಕಿಟ್ಟು ನಾದಿನಿ ಹೇಳಿದ್ದು ಒಂದೇ ಮಾತು. "ಅತ್ತಿಗೆ, ನಾನು ಐದು ಅಂದಿದ್ದೆ. ಇದು ಎಂಟು."

ವಾರಗಿತ್ತಿಯರು "ಹಾಗಾದ್ರೆ ನಾವೂ ಎಂಟಾ?" ಎಂದು ಚಪ್ಪಾಳೆ ತಟ್ಟಿದರು. ಉಳಿದವರು ತಮ್ಮ ಕೈಯಲ್ಲಿದ್ದುದನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ನಾದಿನಿ ಮೆಟ್ಟಿಲಿಳಿದು ಹೊರಟೇಹೋದರು. ಮಾರನೆಯ ದಿನ ಇನ್ನೂ ಮೂವರು ಬರಲಿಲ್ಲ. ಕಟ್ಟಿದ ತಂಡ ಕಣ್ಣೆದುರೇ ಬಿಚ್ಚಿಕೊಳ್ಳುತ್ತಿತ್ತು.

ಮೊದಲು ಬಂದದ್ದು ಸಿಟ್ಟೇ. "ಎತ್ತಿದ್ದು ಅವಳೇ ತಾನೆ? ಖುಷಿಪಡೋದು ಬಿಟ್ಟು ಮುಖ ಊದಿಸ್ಕೊಂಡು ಹೋದ್ಲು," ಎಂದು ಗ್ಯಾರೇಜಿನಲ್ಲಿ ಯಜಮಾನರ ಮುಂದೆ ಹಾರಾಡಿದರು. ಅವರು ಬಣ್ಣದ ಗನ್ನು ಕೆಳಗಿಟ್ಟು, ಮೂಗಿಗೆ ಕಟ್ಟಿದ ಬಟ್ಟೆ ಸರಿಸಿ ನಿಧಾನಕ್ಕೆ ಕೇಳಿದರು. "ನನ್ನ ತಂಗಿ ಅಂತ ಹೇಳ್ತಿಲ್ಲ. ಗಾಡಿಯವನು ಬಿಳಿ ಹೊಡಿ ಅಂದಿದ್ದಾನೆ. ನೀಲಿ ಇನ್ನೂ ಚೆನ್ನಾಗಿ ಕಾಣುತ್ತೆ ಅಂತ ನಾನು ನೀಲಿ ಹೊಡೆದ್ರೆ? ಚೆನ್ನಾಗೇ ಕಾಣ್ಲಿ. ಗಾಡಿ ಯಾರದ್ದು?"

ಅದೇ ಸಂಜೆ ಕಬ್ಬಿಣದಕ್ಕ ನಾದಿನಿಯ ಮನೆಯ ಮೂರು ಮಹಡಿ ಹತ್ತಿದರು. ನಾದಿನಿ ಒಗೆದ ಬಟ್ಟೆಗಳನ್ನು ಮಡಚುತ್ತಿದ್ದರು. ಕೂರಿ ಎಂದರು, ಮುಖ ಎತ್ತಲಿಲ್ಲ. ಕಬ್ಬಿಣದಕ್ಕ ಇನ್ನೊಂದು ತುದಿಯಿಂದ ಮಡಚತೊಡಗಿದರು. ರಾಶಿ ಅರ್ಧ ಕರಗಿದ ಮೇಲೆ ನಾದಿನಿಯೇ ಬಾಯಿ ಬಿಟ್ಟರು. "ಎಂಟು ಅಂತ ಗೊತ್ತಾದಾಗ ಒಳಗೊಳಗೇ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದು ನನ್ನ ಖುಷಿ ಅನ್ನಿಸ್ಲೇ ಇಲ್ಲ ಅತ್ತಿಗೆ. ಎಷ್ಟು ತಿನ್ಬೇಕು ಅಂತ ನಮ್ಮ ಮನೆಯವರು ಹೇಳ್ತಾರೆ, ಎಷ್ಟು ತೂಗ್ಬೇಕು ಅಂತ ಡಾಕ್ಟ್ರು ಹೇಳ್ತಾರೆ. ನೀವಂತೂ ಹೇಳದೇನೇ ಮಾಡ್ಸಿಬಿಟ್ರಿ. ಮೇಲಾಗಿ ತೂಕನೂ ಒಂದು ಕೆಜಿ ಏರಿದೆ. ಇನ್ನು ನಿಮ್ಮ ಯಾವ ಮಾತನ್ನ ನಂಬ್ಲಿ?"

"ತಪ್ಪು ನಂದೇ ಕಣೇ. ನಿನ್ನ ತೋಳನ್ನ ನಂಬಿದೆ, ನಿನ್ನನ್ನ ನಂಬ್ಲಿಲ್ಲ," ಎಂದರು ಕಬ್ಬಿಣದಕ್ಕ. ಕಣ್ಣು ತುಂಬಿತ್ತು ಎಂದು ಅವರೇ ಹೇಳಿಕೊಳ್ಳುತ್ತಾರೆ. "ಏರಿದ ಒಂದು ಕೆಜಿ ಕೊಬ್ಬೇ ಆಗಿರ್ಬೇಕು ಅಂತಿಲ್ಲ. ಶುರುನಲ್ಲಿ ದಣಿದ ಮಾಂಸಖಂಡ ನೀರು ಹಿಡ್ಕೊಳ್ಳುತ್ತೆ, ತಿಂಗಳ ದಿನಗಳಲ್ಲೂ ತೂಕ ಮೇಲೆ ಕೆಳಗೆ ಆಗುತ್ತೆ. ಒಂದು ದಿನದ ತೂಕ ನೋಡಿ ಏನೂ ಹೇಳಕ್ಕಾಗಲ್ಲ. ಮುಂದೆ ಎಷ್ಟು ಇಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ಕೊಟ್ರೆ ಅದೂ ಮೋಸನೇ."

ನಾದಿನಿ ಕೊನೆಯ ಟವೆಲ್ ಮಡಚಿಟ್ಟರು. "ಮೊದಲು ಅಂಕಿ ಬರೆಸಿ. ಆಮೇಲೆ ನೋಡೋಣ."

ಯಜಮಾನರು ಗ್ಯಾರೇಜಿನ ರಜೆಯ ದಿನ ಬಂದು ಪ್ರತಿ ಡಂಬೆಲ್ಲಿನ ಎರಡೂ ತುದಿಗೆ ಬಿಳಿಯ ದೊಡ್ಡ ಅಂಕಿಗಳನ್ನು ಬರೆದುಕೊಟ್ಟರು. ಕಬ್ಬಿಣದಕ್ಕ ತಂಡದ ಒಬ್ಬೊಬ್ಬರನ್ನೂ ಕರೆದು ಇಷ್ಟು ದಿನ ಎತ್ತಿದ್ದು ಎಷ್ಟೆಂದು ಬಾಯಿಬಿಟ್ಟು ಹೇಳಿದರು. ಬೈಸಿಕೊಂಡರು ಕೂಡ. ವ್ಯಾನ್ ಓಡಿಸುವಾಕೆಯಂತೂ "ಅಕ್ಕಾ, ನೀವು ನಮ್ಮನ್ನ ಮಕ್ಕಳು ಮಾಡಿಬಿಟ್ರಿ" ಎಂದು ಮುಖಕ್ಕೇ ಅಂದರು. ಬಿಟ್ಟುಹೋದ ಮೂವರಲ್ಲಿ ಇಬ್ಬರು ಮರಳಿದರು. ಒಬ್ಬರು ಬರಲೇ ಇಲ್ಲ. ಆ ಕೊರಗು ಕಬ್ಬಿಣದಕ್ಕನಿಗೆ ಇನ್ನೂ ಇದೆ.

ನಾದಿನಿ ಬಂದರು. ಬಂದವರು ನೇರ ಐದರ ಜೋಡಿಯನ್ನೇ ಎತ್ತಿಕೊಂಡರು. ಮರುದಿನವೂ ಐದು, ಮುಂದಿನ ವಾರವೂ ಐದು. ಎಂಟು ಎತ್ತಬಲ್ಲ ತೋಳು ಐದರಲ್ಲಿ ಆಟವಾಡುವುದನ್ನು ನೋಡುತ್ತಾ ಸುಮ್ಮನಿರುವುದಿದೆಯಲ್ಲ, ಅದೇ ತಾವು ಎತ್ತಿದ ಅತಿ ದೊಡ್ಡ ಭಾರ ಎನ್ನುತ್ತಾರೆ ಕಬ್ಬಿಣದಕ್ಕ. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಕೈ ಸುಮ್ಮನಿರದೆ ಕನ್ನಡಿ ಒರೆಸುತ್ತಿದ್ದರು. ಆ ದಿನಗಳಲ್ಲಿ ಜಿಮ್ಮಿನ ಕನ್ನಡಿ ಫಳಫಳ ಹೊಳೆಯುತ್ತಿತ್ತಂತೆ.

ಇವತ್ತು ಬೆಳಿಗ್ಗೆ ತರಗತಿ ಅರ್ಧಕ್ಕೆ ಬಂದಿದೆ. ನಾದಿನಿ ಐದರ ಜೋಡಿಯನ್ನು ಜಾಗಕ್ಕಿಟ್ಟು, ಸಾಲಿನುದ್ದಕ್ಕೂ ಅಂಕಿಗಳನ್ನು ಬೆರಳಿಟ್ಟು ಓದುತ್ತಾ ಹೋಗುತ್ತಾರೆ. ಒಂದರ ಮುಂದೆ ನಿಲ್ಲುತ್ತಾರೆ.

"ಅತ್ತಿಗೆ, ಇದು ಎಂಟೇ ತಾನೆ?"

"ಎಂಟೇ. ಬೇಕಿದ್ರೆ ತೂಗಿ ನೋಡ್ಕೊ."

"ಬೇಡ," ಎಂದು ನಾದಿನಿ ಎರಡೂ ಕೈಯಲ್ಲಿ ಒಂದೊಂದು ಹಿಡಿದು ಮೇಲೆತ್ತುತ್ತಾರೆ. ತೋಳು ಕೊಂಚ ನಡುಗುತ್ತದೆ, ನಿಲ್ಲುತ್ತದೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಎಲ್ಲರಿಗೂ ತಂತಮ್ಮ ಭಾರದ ಮೇಲೇ ಗಮನ. ಕಬ್ಬಿಣದಕ್ಕ ಮಾತ್ರ ಕಿಟಕಿಯ ಕಡೆ ತಿರುಗಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಬೆವರಂತೆ.

ನಿಮಗೇನು ಆಸೆ ಎಂದು ಕೇಳಿದರೆ ಅವರು ಬಹಳ ಹೊತ್ತು ಯೋಚಿಸುವುದಿಲ್ಲ. ಫೋಟೋ ಬೇಡ, ಬೋರ್ಡೂ ಬೇಡ ಎನ್ನುತ್ತಾರೆ. "ಬರೋ ಹೆಣ್ಮಗಳು 'ಇದೆಷ್ಟು ಕೆಜಿ' ಅಂತ ಕೇಳ್ಬೇಕು. ನಾನು ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕು. ಕೇಳಿದ ಮೇಲೂ ಅವಳು ಎತ್ತಬೇಕು."