ನೀಲಕ್ಕನ ಅರ್ಧ ಗಂಟು

ನೀಲಕ್ಕನನ್ನು ಹಡಗು ಕೊಂದಿಲ್ಲ. ಸಮುದ್ರದ ಗಾಳಿ ಎದೆಗೆ ಹೊಕ್ಕಿತಂತೆ, ಈ ವಯಸ್ಸಿನಲ್ಲಿ ಅವಳಿಗೆ ಅದೆಲ್ಲ ಯಾಕೆ ಬೇಕಿತ್ತಂತೆ ಎಂದು ಸಾಸ್ವೆಹಳ್ಳಿಯಲ್ಲಿ ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ನಡೆದದ್ದು ಇಷ್ಟೆ. ಹಡಗಿನಿಂದ ಬಂದವಳು ಒಂದು ಬೇಸಿಗೆ ಪೂರ್ತಿ ಹಪ್ಪಳ ಒಣಗಿಸಿದಳು, ಉಪ್ಪಿನಕಾಯಿ ಹಾಕಿದಳು, ಸೊಸೆಯ ಜೊತೆ ಜಗಳ ಆಡಿದಳು. ಆಮೇಲೆ ಒಂದು ಮಧ್ಯಾಹ್ನ ಮುದ್ದೆ ಉಂಡು ಮಲಗಿದವಳು ಏಳಲಿಲ್ಲ. ಹಡಗಿಗೂ ಅದಕ್ಕೂ ಸಂಬಂಧವಿಲ್ಲ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಸೊಸೆಯಾಗಿ ಬರುವ ಹೊತ್ತಿಗೇ ಸೀರೆ ಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗುತ್ತಿದ್ದಳು. ನ್ಯಾಮತಿ, ತ್ಯಾವಣಿಗೆ, ದೂರದ ಜಗಳೂರು. ಆಮೇಲೆ ನನ್ನನ್ನೂ ಎಳೆದುಕೊಂಡಳು. ಅವಳು ಗಂಟು ಕಟ್ಟುವುದನ್ನು ನೋಡಬೇಕಿತ್ತು. ಸೀರೆಯನ್ನು ಮಡಚುತ್ತಿರಲಿಲ್ಲ, ಚಾಪೆಯ ಹಾಗೆ ಬಿಗಿಯಾಗಿ ಸುತ್ತುತ್ತಿದ್ದಳು. ಚೊಂಬಿನೊಳಗೆ ಕುಪ್ಪಸ, ಕುಪ್ಪಸದೊಳಗೆ ಬಾಚಣಿಗೆ. ನಾನು ಕಟ್ಟಿದ ಗಂಟಿನಲ್ಲಿ ಬೆರಳು ಹೋಗುವಷ್ಟು ಜಾಗ ಕಂಡರೂ ಸಾಕು, "ಗಾಳಿ ಹೊತ್ಕೊಂಡು ಹೋಗಾಕೆ ಬಸ್ಸಿನೋನಿಗೆ ಲಗೇಜ್ ಚಾರ್ಜ್ ಕೊಡ್ಬೇಕೇನೇ ಗೌರಿ?" ಎಂದು ಬಿಚ್ಚಿ ಮತ್ತೆ ಕಟ್ಟುವಳು. ಮೊಣಕಾಲು ಊರಿ ಬಿಗಿಯುವಾಗ ಬೈಗುಳ ಬರುತ್ತಿತ್ತು. ಗಂಟಿಗೋ ನನಗೋ ಎಂದು ನಾನು ಕೇಳಲಿಲ್ಲ.

ಅವಳದೊಂದು ಕಾನೂನು ಇತ್ತು. ನನ್ನ ಸರಕಿನಲ್ಲಿ ಅರ್ಧ ಅವಳ ಗಂಟಿನಲ್ಲಿ, ಅವಳದರಲ್ಲಿ ಅರ್ಧ ನನ್ನ ಗಂಟಿನಲ್ಲಿ. ಹುಚ್ಚು ಎಂದುಕೊಂಡಿದ್ದೆ. ಒಂದು ಸಲ ಜಗಳೂರಿನಲ್ಲಿ ನಾನು ಬಸ್ಸಿನ ಮೇಲಿನ ಗಂಟು ಇಳಿಸುವುದನ್ನೇ ಮರೆತೆ. ಬಸ್ಸು ಹೋಯಿತು, ಗಂಟೂ ಹೋಯಿತು. ನಾನು ಬಸ್ ಸ್ಟ್ಯಾಂಡಿನಲ್ಲೇ ಕುಕ್ಕರಿಸಿ ಅತ್ತೆ. ಅವಳು ತನ್ನ ಗಂಟು ಬಿಚ್ಚಿ ನನ್ನ ಅರ್ಧವನ್ನು ನನ್ನ ಮುಂದೆ ಹರಡಿದಳು.

"ನಿಂದೂ ಅರ್ಧ ಹೋತು, ನಂದೂ ಅರ್ಧ ಹೋತು. ಇಬ್ರೂ ಪೂರ್ತಿ ಮುಳುಗಲಿಲ್ಲ. ಎದ್ದು ಮಾರು, ಅಳಾದು ಮನಿಗೆ ಹೋಗಿ ಅಳು."

ಅಲ್ಲಿಂದ ಮುಂದೆ ನಾವಿಬ್ಬರೂ ಎಲ್ಲಿಗೆ ಹೋದರೂ, ಮದುವೆಗೆ ಹೋದರೂ, ಹೀಗೇ ಅರ್ಧ ಅರ್ಧ.

ನಾವು ಹೊಳೆ ದಂಡೆಯವರು. ನೀಲಕ್ಕನಿಗೆ ಹೊಳೆಯ ಮೇಲೆ ಒಂದು ಸಿಟ್ಟು ಇತ್ತು. "ಒಗ್ಯಾಕೆ ಬಗ್ಗಿದ್ರೆ ಸಾಕು, ಆ ದಡದಾಗೆ ಯಾವನಾರ ಒಬ್ಬ ಕುಂತು ನೋಡ್ತಿರ್ತಾನೆ. ದಡಾನೇ ಇಲ್ದಿರೋ ನೀರು ಒಂದ್ಸಲ ನೋಡ್ಬೇಕು ಕಣೆ."

"ಗೋಕರ್ಣದಾಗೆ ನೋಡಿದ್ವಲ್ಲಕ್ಕ?"

"ಅಲ್ಲಿ ನಾವು ನಿಂತಿದ್ದೇ ದಡ. ಯಾ ಕಡೀಗೂ ಇರಬಾರ್ದು."

ತಮಾಷೆಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ವ್ಯಾಪಾರ ಬಿಟ್ಟು, ಭಾವ ತೀರಿಕೊಂಡು, ಮಂಡಿ ಸವೆದ ಮೇಲೂ ಅದನ್ನೇ ಹೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಚನ್ನಗಿರಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ನನ್ನ ಮೊಮ್ಮಗಳು ಸುಧಾ ಒಂದು ದಿನ ಮೊಬೈಲು ಹಿಡಿದುಕೊಂಡು ಬಂದಳು. ಮುಂಬೈಯಿಂದ ಗೋವಾಕ್ಕೆ ಹಡಗು, ಸೀಸನ್ ಅಲ್ಲದ್ದರಿಂದ ಆಫರ್. ನೀಲಕ್ಕನ ಮಗ ಬೇಡ ಎಂದ. "ನಿನ್ನಪ್ಪನ ಹತ್ರಾನೇ ಕೇಳಿ ಹೋದೋಳಲ್ಲ ನಾನು, ನಿನ್ನ ಹತ್ರ ಕೇಳ್ತೀನಾ?" ಎಂದಳು ನೀಲಕ್ಕ. ಕಿಟಕಿ ಇರುವ ರೂಮಿಗೆ ದುಡ್ಡು ಹೆಚ್ಚು ಎಂದು ಸುಧಾ ಹೇಳಿದ್ದಕ್ಕೆ, "ಮಲಗಿದ ಮ್ಯಾಲೆ ಕಣ್ಣು ಮುಚ್ಚತೀವಲ್ಲ, ಕಿಟಕಿ ಏನು ನೆಕ್ಕಾಕಾ?" ಎಂದು ಕಿಟಕಿ ಇಲ್ಲದ್ದೇ ಹಿಡಿಸಿದಳು.

ಹದಿನೈದು ದಿನ ಮನೆಯಲ್ಲಿ ಬರೀ ತಯಾರಿ. ಹಡಗಿನ ಗೋಡೆಯೆಲ್ಲ ಕಬ್ಬಿಣ ಎಂದು ಸುಧಾ ಬಾಯಿ ತಪ್ಪಿ ಹೇಳಿದಳು. ಅಷ್ಟಕ್ಕೇ ನೀಲಕ್ಕ ಹಳೇ ರೇಡಿಯೋ ಬಿಚ್ಚಿ ಸ್ಪೀಕರಿನ ಅಯಸ್ಕಾಂತ ಕಿತ್ತಿಟ್ಟುಕೊಂಡಳು, ಒದ್ದೆ ಟವೆಲ್ಲು ನೇತು ಹಾಕಲು. ವಾಂತಿಗೆ ಒಣ ಶುಂಠಿ. ಸುಧಾ ಹೇಳಿದ್ದರಲ್ಲಿ ಇನ್ನೆರಡು ಮಾತು ಒಪ್ಪಿದಳು: ನಡುನೀರಿನಲ್ಲಿ ಫೋನಿನ ನೆಟ್ಟು ಬಂದ್ ಮಾಡಿಡಬೇಕು, ಇಲ್ಲದಿದ್ದರೆ ಬಿಲ್ಲು ಬರುತ್ತದೆ, ಹಡಗಿನಲ್ಲಿ ಎಲ್ಲ ಊಟ ಬಿಟ್ಟಿ ಅಲ್ಲ. "ಮೊದ್ಲು ಕೇಳು, ಆಮ್ಯಾಲೆ ಕಚ್ಚು" ಎಂದು ನನಗೂ ಹೇಳಿಕೊಟ್ಟಳು. ಒಂದು ಮಾತ್ರ ಒಪ್ಪಲಿಲ್ಲ. ದೊಡ್ಡ ಚೀಲ ಹಡಗು ಹತ್ತುವ ಮೊದಲೇ ಬಂದರಿನಲ್ಲಿ ಕೊಟ್ಟುಬಿಡಬೇಕು, ಅದು ರೂಮಿಗೆ ಬರುವುದು ಸಂಜೆಗೆ. ಗುಳಿಗೆ, ಆಧಾರ್ ಕಾರ್ಡು ಕೈಚೀಲದಲ್ಲಿ ಇರಲಿ ಎಂದಳು ಸುಧಾ. ಗುಳಿಗೆ ಕೈಚೀಲಕ್ಕೆ ಬಂತು. ಕಾರ್ಡು? "ಮುಂಬೈದಾಗೆ ಕೈಚೀಲಾನೇ ಮೊದ್ಲು ಕದಿಯಾದು" ಎಂದವಳೇ ಯಾರಿಗೂ ಹೇಳದೆ ತನ್ನ ಕಾರ್ಡನ್ನು ನನ್ನ ದೊಡ್ಡ ಚೀಲದ ಸೀರೆ ಸುತ್ತಿನೊಳಗೆ, ನನ್ನದನ್ನು ಅವಳ ಚೀಲದ ಸೀರೆ ಸುತ್ತಿನೊಳಗೆ ತೂರಿಸಿದಳು. ಅರ್ಧ ಅರ್ಧ.

ಎರಡು ಚೀಲ ಕೊಂಡರೆ ಕಡಿಮೆ ಎಂದು ಹೊನ್ನಾಳಿಯಲ್ಲಿ ಒಂದೇ ತರಹದ ಎರಡು ಕಪ್ಪು ಚೀಲ ಕೊಂಡಿದ್ದೆವು. ಗುರುತಿಗೆ ಎಂದು ಅವಳು ತನ್ನ ಹಳದಿ ಸೀರೆಯ ಅಂಚಿನಿಂದ ಎರಡು ಪಟ್ಟಿ ಹರಿದು ಹಿಡಿಕೆಗೆ ಕಟ್ಟಿದಳು. ಹೊಸ ಸೀರೆ ಅದು. "ಹಳೇದು ಹರೀಬಾರ್ದಿತ್ತಾ?" ಎಂದೆ. "ಹಳೇದ್ರ ಬಣ್ಣ ದೂರಕ್ಕೆ ಕಾಣಲ್ಲ" ಎಂದಳು. ಅಂಚು ಹರಿದ ಅದೇ ಸೀರೆ ಉಟ್ಟು ಹೊರಟಳು.

ಸುಧಾಳೂ ಜೊತೆಗೆ ಬಂದಿದ್ದಳು. ಮುಂಬೈಯ ಬಂದರಿನಲ್ಲಿ ಚೀಲಗಳನ್ನು ಕೊಟ್ಟೆವು. ಬೆಲ್ಟಿನ ಮೇಲೆ ಜಾರಿ ಒಳಗೆ ಹೋದವು. ಮುಂದಿನ ಕೌಂಟರಿನಲ್ಲಿ ಹುಡುಗಿಯೊಬ್ಬಳು ಆಧಾರ್ ಕೇಳಿದಳು. ಸುಧಾ ತನ್ನದು ಕೊಟ್ಟಳು. ನಾನು ನೀಲಕ್ಕನ ಮುಖ ನೋಡಿದೆ. ಅವಳು ಬೆಲ್ಟಿನ ಕಡೆ ನೋಡುತ್ತಿದ್ದಳು.

"ದೊಡ್ಡಜ್ಜಿ, ಕಾರ್ಡು ಎಲ್ಲಿ?"

"ನಂದು ಇವಳ ಚೀಲದಾಗೆ ಐತೆ."

"ಅಜ್ಜೀದು?"

"ನನ್ನ ಚೀಲದಾಗೆ."

ಸುಧಾ ನೆಲದ ಮೇಲೆ ಕುಳಿತುಬಿಟ್ಟಳು. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದಳು, ನಡೆಯಲಿಲ್ಲ. ಕಾರ್ಡೇ ಬೇಕು, ಇನ್ನು ಸ್ವಲ್ಪ ಹೊತ್ತಿಗೆ ಕೌಂಟರು ಮುಚ್ಚುತ್ತದೆ, ಇಲ್ಲದಿದ್ದರೆ ಮೂವರೂ ವಾಪಸು. ಒಳಗೆ ನೂರಾರು ಕಪ್ಪು ಚೀಲ. ನೀಲಕ್ಕ ಯಾರಿಗೂ ಬೈಯಲಿಲ್ಲ. ಅವಳು ಬೈಯದೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮುಖ ಸಣ್ಣದಾಗಿತ್ತು.

"ನಿನ್ನ ಕಾನೂನಿಗೆ ಬೆಂಕಿ ಹಾಕ," ಎಂದೆ. "ಈ ಸಲ ಇಬ್ರೂ ಪೂರ್ತಿ ಮುಳುಗಿದ್ವಿ."

ಆ ಮಾತು ಅವಳನ್ನು ಎಬ್ಬಿಸಿತು. ಸೀದಾ ಹೋಗಿ ಬೆಲ್ಟಿನ ಹತ್ತಿರ ನಿಂತಿದ್ದ ಹಮಾಲಿಯ ಮುಂದೆ ಸೆರಗು ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅವನಿಗೆ ಕನ್ನಡ ಬಾರದು, ಇವಳಿಗೆ ಬೇರೆ ಭಾಷೆ ಬಾರದು. ಹರಿದ ಅಂಚು ತೋರಿಸಿದಳು. ಬೆಲ್ಟು ತೋರಿಸಿದಳು. ಹಿಡಿಕೆಗೆ ಗಂಟು ಹಾಕುವ ಹಾಗೆ ಕೈ ಆಡಿಸಿದಳು. ಅವನು ಸೀರೆ ನೋಡಿದ, ಅವಳನ್ನು ನೋಡಿದ, ಫಕ್ಕನೆ ನಕ್ಕು ಒಳಗೆ ಓಡಿದ. ಹಳದಿ ಪಟ್ಟಿಯ ಎರಡು ಚೀಲ ಹೆಗಲ ಮೇಲೆ ಹೊತ್ತು ಬಂದ. ಅಲ್ಲಿ ಕಾವಲಿಗಿದ್ದ ಪೊಲೀಸಿನವರ ಮುಂದೆಯೇ ಚೀಲ ತೆಗೆದು ಸೀರೆ ಬಿಚ್ಚಿದೆವು. ಅವಳು ಸುತ್ತಿದ್ದು ಎಷ್ಟು ಬಿಗಿ ಎಂದರೆ ನನ್ನ ಉಗುರು ಕಿತ್ತುಬಂತು.

"ಹೊಸ ಸೀರೆ ಯಾಕೆ ಹರಿದೆ ಅಂದ್ಯಲ್ಲ?" ಎಂದಳು ಹಡಗಿನ ಮೆಟ್ಟಿಲು ಹತ್ತುವಾಗ. ತಪ್ಪು ಯಾರದು ಎಂಬ ಮಾತೇ ಇಲ್ಲ.

ಮರುದಿನ ಎದ್ದು ಹಡಗಿನ ಮೇಲಿನ ಬಯಲು ಅಟ್ಟಕ್ಕೆ ಹೋದೆವು. ನೀರು. ಎಲ್ಲ ಕಡೆಗೂ ನೀರು. ಅವಳು ಕಂಬಿ ಹಿಡಿದು ಒಂದು ಸುತ್ತು ಪೂರ್ತಿ ನಡೆದಳು, ಎಲ್ಲಾದರೂ ದಡ ಅಡಗಿದೆಯೇನೋ ಎಂದು ಪರೀಕ್ಷೆ ಮಾಡುವ ಹಾಗೆ. ಆಮೇಲೆ ಒಂದು ಕುರ್ಚಿಯಲ್ಲಿ ಕುಳಿತು ಸೆರಗು ಕೆಳಗೆ ಬಿಟ್ಟು, ಕಾಲು ಚಾಚಿ, ತಲೆಗೂದಲು ಬಿಚ್ಚಿ ಹರಡಿದಳು. ಹಡಗಿನ ಫೋಟೋದವನು ಬಂದ. ಫೋಟೋಕ್ಕೆ ದುಡ್ಡು ಎಂದು ಸುಧಾ ಹೇಳಿದ್ದಳು. ಅವಳು ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿ ಅವನನ್ನು ಅಟ್ಟಿದಳು. ತಿಂಡಿಗೆ ಕರೆದರೂ ಏಳಲಿಲ್ಲ. ಬಿಟ್ಟಿ ತಿಂಡಿ ಅದು.

"ಹೆಂಗೈತೆ?" ಎಂದೆ.

"ಒಗ್ಯಾಕೆ ಕಲ್ಲಿಲ್ಲ," ಎಂದಳು.

ಊರಿಗೆ ಬಂದ ಮೇಲೆ ಚೀಲ ಪೂರ್ತಿ ಬಿಚ್ಚಲು ಬಿಡಲಿಲ್ಲ. ಉಟ್ಟದ್ದನ್ನು ಒಗೆಸಿ ಮತ್ತೆ ಸುತ್ತಿ ಎರಡೂ ಚೀಲದಲ್ಲಿ ಅರ್ಧ ಅರ್ಧ ಇಟ್ಟಳು. "ಮುಂದಿನ ಆಫರ್ ಬಂದ್ರೆ ಹೊರಡಾದೇ. ಕಾರ್ಡು ಮಾತ್ರ ಈ ಸಲ ನಿನ್ನ ಹತ್ರ ನಿಂದು, ನನ್ನ ಹತ್ರ ನಂದು." ಅಷ್ಟೇ ಅವಳು ಒಪ್ಪಿಕೊಂಡ ತಪ್ಪು.

ಆಫರ್ ಬರುವ ಮುಂಚೆ ಅವಳು ಹೋದಳು. ಮಣ್ಣು ಮಾಡಿ ಬಂದೆವು. ಮರುದಿನ ಬೆಳಿಗ್ಗೆ ನಾನು ಮಂಚದ ಕೆಳಗಿನ ನನ್ನ ಚೀಲ ಎಳೆದೆ. ಅದರಲ್ಲಿ ಅವಳ ಅರ್ಧ ಇತ್ತು: ಅಂಚು ಹರಿದ ಹಳದಿ ಸೀರೆ, ಇನ್ನೊಂದು ನೀಲಿಯದು. ನನ್ನ ಅರ್ಧ ಅವಳ ಚೀಲದಲ್ಲಿದೆ. ಅವಳ ಸೊಸೆ ತಂದುಕೊಡುತ್ತೇನೆ ಎಂದಿದ್ದಳು, ಅಲ್ಲೇ ಇರಲಿ ಎಂದಿದ್ದೆ. ಬೇಸಿಗೆಯೆಲ್ಲ ಮುಚ್ಚಿಟ್ಟು ಸೀರೆ ಮುಗ್ಗಲು ನಾರುತ್ತಿದ್ದವು. ಒಳ್ಳೆ ಸೀರೆ, ಉಡಬಹುದು. ಹೊಳೆಗೆ ತೆಗೆದುಕೊಂಡು ಹೋಗಿ ಒಗೆಯಲು ಬಗ್ಗಿದೆ. ಆಚೆ ದಡದಲ್ಲಿ ಯಾವನೋ ಒಬ್ಬ ಬೈಕು ತೊಳೆಯುವುದು ಬಿಟ್ಟು ನೋಡುತ್ತಾ ನಿಂತಿದ್ದ.

"ಏನಯ್ಯಾ ನೋಡ್ತೀಯಾ? ಆ ಕಡೆ ತಿರುಗು!" ಎಂದೆ.

ತಿರುಗಿದ. ನಾನು ಎರಡೂ ಸೀರೆ ಒಗೆದು, ಹಿಂಡಿ, ಹಳದಿಯದನ್ನು ಬಂಡೆಯ ಮೇಲೆ ಉದ್ದಕ್ಕೆ ಹರಡಿದೆ.