ಕೆಳಗೆ ನಿಲ್ಲುವವಳು

ಮಾಲು ನೋಡುವ ಕಣ್ಣಲ್ಲಿ ನೋಡಿದರೆ ರಿಪೇರಿಯಕ್ಕ ಅಂಥ ಬೆಲೆಬಾಳುವ ಸರಕೇನಲ್ಲ: ಐವತ್ತು ದಾಟಿದ ಮೈ, ದಾರ ಕಟ್ಟಿದ ಕನ್ನಡಕ, ಚೌಕಾಸಿಗೆ ಬಗ್ಗದ ನಾಲಿಗೆ. ಆದರೆ ನಾನು ನಡೆಸುವ ಹಳೇ ಗೇಮ್ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಅವಳು ಕೂತರೆ ಸತ್ತ ಗೇಮ್ ಮೆಷಿನ್ ಕೂಡ ಎದ್ದು ಕೂರುತ್ತಿತ್ತು.

ಮಾಯಾಲೋಕದ ಸಾಹಸದಾಟವೊಂದು ವರ್ಷಗಳಿಂದ ಒಂದರ ಹಿಂದೊಂದು ಬರುತ್ತಲೇ ಇತ್ತು. ಹಿಂದಿನವುಗಳಲ್ಲೆಲ್ಲ ವೀರ ಒಬ್ಬನೇ. ಹೊಸದಕ್ಕೆ ಮೂವರು ಬೇಕು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೆಷಿನ್. ಮೂವರಿಗೂ ಸೇರಿ ಪ್ರಾಣದ ಗಂಟು ಒಂದೇ. ಒಬ್ಬರು ಎಡವಿದಷ್ಟು ಸಲವೂ ಎಲ್ಲರ ಆ ಗಂಟು ಕರಗುತ್ತದೆ. ಕೊಳ್ಳುವ ಮುಂಚೆ ಆಡಿ ನೋಡಲು ಅಂಗಡಿಗೆ ಬರುವವರು ಸಾಮಾನ್ಯವಾಗಿ ಇಬ್ಬರು. ಮೂರನೆಯವಳಾಗಿ ಕೂರುತ್ತಿದ್ದದ್ದು ರಿಪೇರಿಯಕ್ಕ. ಒಬ್ಬರ ಹೆಗಲ ಮೇಲೊಬ್ಬರು ಹತ್ತುವ ಕಡೆ ಅವಳ ವೀರ ಯಾವಾಗಲೂ ಕೆಳಗೆ. ಮನೆಯಲ್ಲಿ ಅವಳ ಜೊತೆ ಆಡುವವರಿರಲಿ, ಜಗಳವಾಡುವವರೂ ಇರಲಿಲ್ಲ. ಆ ಮೂರನೆಯ ಜಾಗವೇ ಅವಳ ಬಂಧುಬಳಗ.

ಬೇಕರಿಯ ಅಕ್ಕತಂಗಿಯರು ಅವಳ ಜೊತೆ ಕೊನೆಯ ಗೋಪುರದವರೆಗೂ ಬಂದಿದ್ದರು. ಅಲ್ಲಿ ಕಂದರ ದಾಟುವಾಗ ಅವಳು ಇಬ್ಬರನ್ನೂ ಹೊತ್ತುಕೊಂಡೇ ಬಿದ್ದಳು. ಮತ್ತೆ ಬಿದ್ದಳು.

“ನಮ್ಮ ಮೇಲೇನಾದ್ರೂ ಸಿಟ್ಟಾ ಅಕ್ಕಾ? ಹೊತ್ಕೊಂಡು ಹೋಗಿ ಹಳ್ಳಕ್ಕೆ ಹಾಕ್ತಿದೀರಲ್ಲ,” ಎಂದಳು ಕಿರಿಯವಳು.

“ನಿಮ್ಮ ಬನ್ನು ತಿಂದೂ ತಿಂದೂ ನೀವೇ ಭಾರ ಆಗಿದೀರಿ. ಮೆಷಿನ್ನಿನ ಗುಂಡಿ ಕೆಟ್ಟಿದೆ, ತಾಳಿ.”

ರಿಪೇರಿಯಕ್ಕ ಮೆಷಿನ್ ಬಿಚ್ಚಿ ಹೊಸ ಗುಂಡಿ ಕೂರಿಸಿದಳು. ಒತ್ತಿದರೆ ಬೆರಳಿಗೆ ತಿಳಿಯಬೇಕು, ತಿಳಿಯಲಿಲ್ಲ. ಅದನ್ನೂ ಕಿತ್ತು ಇನ್ನೊಂದು ಹಾಕಿದಳು. ಅದೂ ಹಾಗೇ.

“ಈ ಸಲದ ಮಾಲೇ ಕಳಪೆ. ಎಲ್ಲಿ, ನೀನು ಒತ್ತಿ ನೋಡು.”

ಕಿರಿಯವಳು ಒತ್ತಿದಳು. ಟಿಕ್ ಎಂದದ್ದು ಎಲ್ಲರಿಗೂ ಕೇಳಿಸಿತು. “ಚೆನ್ನಾಗೇ ಇದೆಯಲ್ಲಕ್ಕಾ.”

ರಿಪೇರಿಯಕ್ಕ ತನ್ನ ಹೆಬ್ಬೆರಳನ್ನು ತೋರುಬೆರಳಿನಿಂದ ಉಜ್ಜಿದಳು. ವರ್ಷಗಟ್ಟಲೆ ಬೆಸುಗೆಯ ಬಿಸಿ ಉಂಡ ಹೆಬ್ಬೆರಳು. ಉಜ್ಜಿದ್ದು ತೋರುಬೆರಳಿಗೆ ಗೊತ್ತಾಯಿತು, ಹೆಬ್ಬೆರಳಿಗೆ ಗೊತ್ತಾಗಲಿಲ್ಲ.

“ಇನ್ನೊಂದು ಸಲ ನೋಡೋಣ ಬನ್ನಿ,” ಎಂದಳು ಹಿರಿಯವಳು, ದಾಕ್ಷಿಣ್ಯಕ್ಕೆ.

“ಬೇಡಮ್ಮ. ಇರೋದು ಒಂದು ಪ್ರಾಣ, ನನ್ನ ಜೊತೆ ಸೇರಿ ನೀವ್ಯಾಕೆ ಕಳ್ಕೊಳ್ತೀರಿ? ನಿಮ್ಮ ಅತ್ತಿಗೇನ ಕರ್ಕೊಂಡ್ಬನ್ನಿ.”

ಅತ್ತಿಗೆ ಬಂದಳು, ಗೋಪುರ ಗೆದ್ದರು. ಅತ್ತ ಮುಖ ಮಾಡಿ ಸ್ಕ್ರೂ ಆರಿಸುತ್ತಿದ್ದ ರಿಪೇರಿಯಕ್ಕ, “ಕೆಳಗೆ ನಿಂತಿದ್ದು ಯಾರು?” ಎಂದಷ್ಟೇ ಕೇಳಿದಳು.

ಆಮೇಲೆ ಅವಳು ಸ್ಟೂಲಿಗೆ ಮರಳಲಿಲ್ಲ. ಗುಂಡಿ ತಿಳಿಯದ ಬೆರಳಿಗೆ ಆಟವೂ ಇಲ್ಲ, ರಿಪೇರಿಯೂ ಇಲ್ಲ.

ಅವಳು ಮೂರನೆಯವಳಾಗಿ ಕೂರದಿದ್ದರೆ ಆ ಆಟ ನಮ್ಮ ಅಂಗಡಿಯಿಂದ ಒಂದೂ ಮಾರಾಟವಾಗಿ ಹೊರಗೆ ಹೋಗುತ್ತಿರಲಿಲ್ಲ. ಆ ಋಣ ನನ್ನ ಮೇಲಿದೆ.