ಹಿಂದಿನ ಸೀಟು, ಎಡಗಡೆ

ಗಾಜಿನ ಮೇಲೆ ಐದು ಪುಟ್ಟ ಬೆರಳು ಮೂಡಿದವು. ನನ್ನ ಮಗಳು ಮುಟ್ಟಿರಲಿಲ್ಲ. ಅವಳ ಎರಡೂ ಕೈಯಲ್ಲಿ ಕಡಲೆಕಾಯಿ ಇತ್ತು!

ಹಳೇ ಎಸ್‌ಯುವಿ ಕೊಳ್ಳಲು ಹೊರಟವನ ಕಥೆ ಇದು. ಸ್ಕೂಟರಿನ ಮೇಲೆ ಮೂವರು ಕೂತು ನಂಜನಗೂಡು ಸುತ್ತುವ ನಮಗೆ ಫೋರ್ ವೀಲ್ ಡ್ರೈವ್ ಯಾಕೆ ಅಂತೀರಾ? ಆಸೆ ಕಣ್ರೀ. ಲೆದರ್ ಸೀಟು, ಸಿಡಿ ಪ್ಲೇಯರ್, ಏಳು ಜನಕ್ಕೆ ಜಾಗ. (ಹೆಂಡತಿ ಸುಧಾ ಆಗಲೇ ತನ್ನ ತಾಯಿಗೂ ಸೀಟು ಹಿಡಿದಿದ್ದಳು.)

ತಿ. ನರಸೀಪುರದ ಹತ್ತಿರ ಒಂದು ತೋಟದ ಮನೆಯಲ್ಲಿ ಗಾಡಿ ನಿಂತಿತ್ತು. 'ಮೈಸೂರಿಗೋಗಕ್ಕೆ ಮಾತ್ರ ತೆಗ್ದಿರೋದು ಸಾ, ಕೆಸರೇ ಕಂಡಿಲ್ಲ' ಅಂದರು ಓನರ್ ಶಿವಣ್ಣ. ನಾನೂ ತಿಳಿದವನ ಹಾಗೆ ಬಾನೆಟ್ ಎತ್ತಿದೆ, ಟೈರಿಗೆ ಕಾಲಿಂದ ಒದ್ದು ನೋಡಿದೆ. ಕಾರ್ಪೆಟ್ ಹೊಚ್ಚ ಹೊಸದು. ಹಳೇ ಗಾಡಿಗೆ ಹೊಸ ಕಾರ್ಪೆಟ್ ಯಾಕೆ? ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಮಳೆ ಬಂತು. ನಾವು ಮೂವರೂ ಗಾಡಿಯೊಳಗೆ ಕೂತು ಗಾಜು ಏರಿಸಿದೆವು. ಆವಿ ಕಟ್ಟಿತು. ಊದುಬತ್ತಿ ವಾಸನೆಯ ಅಡಿಯಿಂದ ಹೊಳೆ ಕೆಸರಿನ ವಾಸನೆ ಎದ್ದಿತು. ಆಗಲೇ ಹಿಂದಿನ ಸೀಟಿನಲ್ಲಿ ಎಡಗಡೆ ಕೂತ ಮಗಳ ಪಕ್ಕದ ಕಿಟಕಿಯಲ್ಲಿ ಆ ಕೈ ಕಂಡದ್ದು. ಸುಧಾ ಸೆರಗಿನಿಂದ ಒರೆಸಿದಳು. ಮತ್ತೆ ಮೂಡಿತು. ಧೈರ್ಯ ತೋರಿಸಲು ನಾನು 'ಇರು, ಸೀಟ್ ಬೆಲ್ಟ್ ನೋಡೋಣ' ಎಂದು ಎಳೆದೆ. ಕೊನೆಯ ಗೇಣಿನಲ್ಲಿ ಒಣಗಿದ ಕೆಸರು. ಟಕ್ ಎಂದು ನಾಲ್ಕೂ ಬಾಗಿಲು ತಾವೇ ಲಾಕ್ ಆದವು.

ಹೇಗೋ ಲಾಕ್ ಎತ್ತಿ ಇಳಿದೆವು. ಜಗುಲಿಯಲ್ಲಿದ್ದ ಶಿವಣ್ಣನ ತಾಯಿ ಬಂದು ಸುಧಾಳ ಕೈ ಹಿಡಿದರು. 'ಮಗೀನ ಆ ಕಡೆ ಕೂರಿಸ್ಬ್ಯಾಡ ಕಣವ್ವ. ಆಯುಧ ಪೂಜೆಗೆ ತೊಳ್ಯಕೆ ಅಂತ ನನ್ ಮಗ ಗಾಡೀನ ಒಳೆಗಿಳಿಸ್ದ. ನಾಕು ಚಕ್ರಾನೂ ಎಳೀತದೆ, ಏನೂ ಆಗಕಿಲ್ಲ ಅಂದ. ಆಳ ಸಿಕ್ತು. ಬಾಗ್ಲು ಲಾಕಾಗೋಯ್ತು. ಅವ್ನು ಎಂಗೋ ಈಚೆ ಬಂದ. ಇಂದ್ಗಡೆ ಕೂತಿದ್ದ ನನ್ ಮೊಮ್ಮಗಳು ಬರ್ಲಿಲ್ಲ.'

ನನಗೆ ಶಿವಣ್ಣನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಮಗಳನ್ನು ಎತ್ತಿಕೊಂಡು ಬಸ್ ಹತ್ತಿದೆವು.

ನಮ್ಮ ಕಡೆ ಹಬ್ಬ ಬಂದರೆ ಟ್ರ್ಯಾಕ್ಟರಿನಿಂದ ಹಿಡಿದು ಎಲ್ಲ ಗಾಡಿಗಳೂ ಹೊಳೆಗಿಳಿಯುತ್ತವೆ. ಹಳೇ ಗಾಡಿ ಕೊಳ್ಳುವವರು ಮೀಟರ್ ಆಮೇಲೆ ನೋಡಿ. ಮೊದಲು ಬೆಲ್ಟನ್ನು ಕೊನೆವರೆಗೂ ಎಳೆಯಿರಿ, ಕಾರ್ಪೆಟ್ ಎತ್ತಿ ಮೂಸಿ. ಮುಳುಗಿದ ಗಾಡಿಯ ವೈರಿಂಗ್ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಮೊನ್ನೆ ನಂಜನಗೂಡಿನ ಸೇತುವೆ ಮೇಲೆ ಅದೇ ನಂಬರಿನ ಗಾಡಿ ನನ್ನ ಸ್ಕೂಟರ್ ದಾಟಿ ಹೋಯಿತು. ಚೆಂಡು ಹೂವಿನ ಹಾರ, ಹೊಸ ಓನರ್. ಕೈ ಬೀಸಿ ಕೂಗಿದೆ, ನಿಲ್ಲಿಸಲಿಲ್ಲ. ಹಿಂದಿನ ಸೀಟಿನಲ್ಲಿ, ಎಡಗಡೆ, ಒಂದು ಮಗು ಗಾಜಿಗೆ ಕೈ ಒತ್ತಿ ಕೂತಿತ್ತು.

ಅದು ಅವರ ಮಗುವೇ ತಾನೆ?